ಕೈತೋಟದ ನೆರಳು ಪರದೆಯ ಕೆಳಗೆ ಹೊಗೆಸೊಪ್ಪು ಬೆಳೆಯಬಹುದೇ?

ಪ್ರಶ್ನೆ: ಕುವೆಂಪುನಗರದ ಹಿತ್ತಲು, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಹಿತ್ತಲಿದೆ. ವೀಳ್ಯದೆಲೆ ಬಳ್ಳಿಗೆಂದು ಎರಡು ವರ್ಷದ ಹಿಂದೆ ಅದರ ಅರ್ಧ ಭಾಗಕ್ಕೆ 7 ಅಡಿ ಎತ್ತರದ ಕಬ್ಬಿಣದ ಪೈಪುಗಳನ್ನು ನೆಟ್ಟು, ಮೇಲೆ ಶೇಕಡಾ 50ರ ಹಸಿರು ಶೇಡ್ ನೆಟ್ ಕಟ್ಟಿಸಿದೆ. ಬಳ್ಳಿಗಳು ಒಂದು ಬದಿಯಲ್ಲಿ ಚೆನ್ನಾಗಿ ಹಬ್ಬಿವೆ, ಇನ್ನೊಂದು ಬದಿ ಖಾಲಿ ಬಿದ್ದಿದೆ. ನೆಟ್ಟಿನ ಆಚೆ ಬಿಸಿಲು ಬೀಳುವ ಪಟ್ಟೆಯಲ್ಲಿ ಟೊಮೆಟೊ, ಮೆಣಸಿನಕಾಯಿ ಮತ್ತು ಬದನೆ ಗಿಡಗಳಿವೆ.

ನಾನು ಹುಟ್ಟಿ ಬೆಳೆದದ್ದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ತಂದೆಯವರು ಹೊಗೆಸೊಪ್ಪು ಬೆಳೆಯುತ್ತಿದ್ದರು. ಶಾಲೆಗೆ ರಜೆಯಿದ್ದ ದಿನ ಬ್ಯಾರನ್ನಿನ (ಬಿಸಿ ಕೊಟ್ಟು ಎಲೆ ಒಣಗಿಸುವ ಕೋಣೆ) ಮುಂದೆ ಕುಳಿತು, ದೊಡ್ಡವರು ಹಸಿ ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದಾಗ ನಾವು ಮಕ್ಕಳು ಎಲೆಗಳನ್ನು ತೊಟ್ಟು ಸಮ ಮಾಡಿ ಎತ್ತಿಕೊಡುತ್ತಿದ್ದೆವು. ಸಂಜೆಯ ಹೊತ್ತಿಗೆ ಅಂಗೈಗೆ ಮೆತ್ತಿಕೊಂಡಿರುತ್ತಿದ್ದ ಕಪ್ಪು ಅಂಟನ್ನು ಅವ್ವ ಹುಣಸೆಹಣ್ಣಿನಿಂದ ಉಜ್ಜಿ ತೊಳೆಯುತ್ತಿದ್ದರು. ಈಗ ಆ ಜಮೀನೂ ಇಲ್ಲ, ಬ್ಯಾರನ್ನೂ ಇಲ್ಲ. ನಾನು ನಿವೃತ್ತನಾಗಿ ನಾಲ್ಕು ವರ್ಷವಾಯಿತು.

ನಾನು ಸೇದುವವನಲ್ಲ, ನಮ್ಮ ಮನೆಯಲ್ಲಿ ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುವವರೂ ಇಲ್ಲ. ಹಾಗಿದ್ದರೂ ಹತ್ತು ಹನ್ನೆರಡು ಗಿಡ ಬೆಳೆಸಬೇಕೆಂಬ ಆಸೆ ಎರಡು ಕಾರಣದಿಂದ ಹುಟ್ಟಿದೆ. ದಾಸವಾಳಕ್ಕೆ ಹಿಟ್ಟುತಿಗಣೆಯೂ ಗುಲಾಬಿಗೆ ಹೇನೂ ವರ್ಷವರ್ಷವೂ ಬರುತ್ತವೆ. ಇವುಗಳಿಗೆ ತಂದೆಯವರು ಹೊಗೆಸೊಪ್ಪಿನ ಕಷಾಯ ಹೊಡೆಯುತ್ತಿದ್ದುದು ನೆನಪಿದೆ, ನಾನೂ ಅದನ್ನೇ ಮಾಡಬೇಕೆಂದಿದ್ದೇನೆ. ಎರಡನೆಯ ಕಾರಣವನ್ನು ಮುಚ್ಚಿಡುವುದಿಲ್ಲ: ಆ ಗಿಡವನ್ನು ಮತ್ತೆ ನನ್ನ ಕಣ್ಣೆದುರು ನೋಡಬೇಕೆನಿಸಿದೆ.

ಕ್ಯೂಬಾದಲ್ಲಿಯೂ ಅಮೆರಿಕದಲ್ಲಿಯೂ ಬಟ್ಟೆಯ ಚಪ್ಪರದ ಕೆಳಗೆ ಹೊಗೆಸೊಪ್ಪು ಬೆಳೆಯುತ್ತಾರೆಂದೂ, ಅದರಿಂದ ಎಲೆ ಅಗಲವಾಗಿ ತೆಳ್ಳಗೆ ಬರುತ್ತದೆಂದೂ ಓದಿದ ಮೇಲೆ ನಮ್ಮ ಖಾಲಿ ನೆರಳಿನ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿದೆ ಎನಿಸಿತು. ಶೇಕಡಾ 50ರ ನೆಟ್ ಸರಿಹೋಗುತ್ತದೆಯೇ? ವೀಳ್ಯದೆಲೆಗೆ ಇದರಿಂದ ತೊಂದರೆ ಉಂಟೇ? ಮನೆಯಲ್ಲಿ ಬೆಳೆಯುವುದಕ್ಕೂ ಅನುಮತಿ ಬೇಕೇ? ಬ್ಯಾರನ್ ಇಲ್ಲದೆ ಎಲೆ ಒಣಗಿಸುವುದು ಹೇಗೆ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಹುಣಸೂರು ಕಡೆಯ ಬೆಳೆಗಾರ

ಸರ್, ನಮಸ್ಕಾರ. ನಿಮ್ಮ ತಂದೆಯವರ ಬ್ಯಾರನ್ನಿನ ಮಾತು ಓದಿ ಸಂತೋಷವಾಯಿತು. ನಮ್ಮ ಮನೆಯಲ್ಲಿ ಈಗಲೂ ಹೊಗೆಸೊಪ್ಪೇ ಮುಖ್ಯ ಬೆಳೆ. ನಿಮ್ಮ ಪ್ರಶ್ನೆಗಳಲ್ಲಿ ಅನುಮತಿಯದ್ದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಇತ್ಯರ್ಥವಾಗದೆ ಬೀಜಕ್ಕೆ ಕೈಹಾಕುವಂತಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯಲ್ಲಿ ನಾವು ಬೆಳೆಯುವುದು ವರ್ಜೀನಿಯಾ ಜಾತಿ. 1975ರ ತಂಬಾಕು ಮಂಡಳಿ ಕಾಯ್ದೆಯ ಪ್ರಕಾರ ಮಂಡಳಿಯಲ್ಲಿ ನೋಂದಣಿ ಇಲ್ಲದವರು ವರ್ಜೀನಿಯಾ ಬೆಳೆಯುವಂತಿಲ್ಲ. ಕಾಯ್ದೆಯಲ್ಲಿ ಇಷ್ಟು ಗಿಡಕ್ಕೆ ವಿನಾಯಿತಿ ಎಂಬ ಮಾತಿಲ್ಲ. ಬ್ಯಾರನ್ನಿಗೂ ಪರವಾನಗಿ ಬೇಕು, ಬೆಳೆದ ಸೊಪ್ಪನ್ನು ಮಂಡಳಿಯ ಹರಾಜು ಕಟ್ಟೆಗೇ ಒಯ್ಯಬೇಕು. ಕರ್ನಾಟಕದಲ್ಲಿ ಈ ಹರಾಜು ಪದ್ಧತಿ 1984ರಲ್ಲಿ ಆರಂಭವಾಯಿತು, ನಿಮ್ಮ ತಂದೆಯವರು ಅದಕ್ಕೂ ಹಿಂದಿನ ವ್ಯಾಪಾರವನ್ನು ಕಂಡಿರಬೇಕು. ಆದ್ದರಿಂದ ನಮ್ಮಂಥವರ ಸಸಿ ಮಡಿಯಲ್ಲಿ ಉಳಿದ ನಾಲ್ಕು ಸಸಿಗಳನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೂ ತೆಗೆದುಕೊಳ್ಳಬೇಡಿ. ಬೀಡಿಗೆ, ಕಡ್ಡಿಪುಡಿಗೆ, ಚುಟ್ಟಕ್ಕೆ ಬಳಸುವ ನಾಟಿ ಜಾತಿಗಳಿಗೆ ಈ ನೋಂದಣಿಯ ನಿಯಮ ಅನ್ವಯಿಸುವುದಿಲ್ಲ. ಹಿತ್ತಲಲ್ಲಿ ಬೆಳೆಯುವುದಿದ್ದರೆ ಅಂಥ ಬೀಜವನ್ನೇ ಹುಡುಕಬೇಕು.

ಇನ್ನು ನೆರಳಿನ ಮಾತು. ನಮ್ಮಲ್ಲಿ ಶೇಡ್ ನೆಟ್ಟನ್ನು ಬಳಸುವುದು ಸಸಿಗೆ ಮಾತ್ರ, ಗಿಡಕ್ಕೆ ಅಲ್ಲ. ಹೊಗೆಸೊಪ್ಪಿನ ಬೀಜ ಎಷ್ಟು ಸಣ್ಣದೆಂದರೆ 1 ಗ್ರಾಂನಲ್ಲಿ 10,000ಕ್ಕೂ ಹೆಚ್ಚು ಬೀಜಗಳಿರುತ್ತವೆ. ಕಾಫಿ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದಂತೆ ಅನಿಸುತ್ತದೆ. ಅದನ್ನು ಮಣ್ಣಿನೊಳಗೆ ಹೂತರೆ ಮೊಳೆಯುವುದಿಲ್ಲ, ಮೊಳೆಯುವುದಕ್ಕೆ ಬೆಳಕು ಬೇಕು. ಹಿಂದೆ ಬೀಜವನ್ನು ರೋಸ್ ಕ್ಯಾನಿನ ನೀರಿಗೆ ಬೆರೆಸಿ ಮಡಿಯ ಮೇಲೆ ಚಿಮುಕಿಸಿ, ತೆಳುವಾಗಿ ಹುಲ್ಲು ಹೊದಿಸಿ, ಮೊಳಕೆ ಕಂಡ ಮೇಲೆ ಹುಲ್ಲನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಿದ್ದರು. ಈಗ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಬೆಳೆಸಿ ಮೇಲೆ ನೆಟ್ ಕಟ್ಟುತ್ತೇವೆ. ಬೀಜ ಹಾಕಿದ ಏಳರಿಂದ ಹತ್ತು ದಿನದಲ್ಲಿ ಹಸಿರು ಚುಕ್ಕೆಗಳು ಕಾಣುತ್ತವೆ, ಸುಮಾರು ಎರಡು ತಿಂಗಳಿಗೆ ಸಸಿ ನಾಟಿಗೆ ಬರುತ್ತದೆ. ನಾಟಿಗೆ ಒಂದು ವಾರ ಮೊದಲು ನೆಟ್ ಸರಿಸಿ, ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿಗೊಳಿಸಬೇಕು. ಒಂದು ವರ್ಷ ಮಗಳ ಮದುವೆಯ ಓಡಾಟದಲ್ಲಿ ನಾನು ಇದನ್ನು ತಡಮಾಡಿದೆ. ಸಸಿಗಳು ಬೆಳಕನ್ನು ಹುಡುಕಿಕೊಂಡು ನೂಲಿನಂತೆ ಉದ್ದಕ್ಕೆ ಎಳೆದುಕೊಂಡವು. ನೆಟ್ಟ ಮರುದಿನದ ಬಿಸಿಲಿಗೇ ಸಾಲು ಸಾಲಾಗಿ ಒರಗಿದವು.

ನಮ್ಮದು ಮಳೆಗಾಲದ ಬೆಳೆ. ಫೆಬ್ರುವರಿ, ಮಾರ್ಚಿನಲ್ಲಿ ಮಡಿ ಮಾಡಿ, ಭರಣಿ ಇಲ್ಲವೇ ಕೃತ್ತಿಕೆ ಮಳೆ ಬಿದ್ದ ಮೇಲೆ ನಾಟಿ ಮಾಡುತ್ತೇವೆ. ನಂತರ ಆಷಾಢ, ಶ್ರಾವಣದ ಮೋಡದಲ್ಲಿಯೇ ಗಿಡ ಬೆಳೆಯುತ್ತದೆ. ಆ ತಿಂಗಳುಗಳಲ್ಲಿ ಆಕಾಶವೇ ಅರ್ಧ ನೆರಳು ಕೊಡುತ್ತಿರುವಾಗ ಅದರ ಕೆಳಗೆ ಶೇಕಡಾ 50ರ ಹಸಿರು ನೆಟ್ ಕಟ್ಟಿದರೆ ಗಿಡಕ್ಕೆ ಉಳಿಯುವ ಬೆಳಕು ಸಾಲದೆಂದೇ ನನ್ನ ಅಭಿಪ್ರಾಯ.

ಗೊಬ್ಬರದ ವಿಷಯದಲ್ಲಿ ಒಂದೇ ಎಚ್ಚರ. ಅಂಗಡಿಯಲ್ಲಿ ಪೊಟ್ಯಾಷ್ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ಮ್ಯೂರಿಯೇಟ್ ಆಫ್ ಪೊಟ್ಯಾಷ್. ಅದರಲ್ಲಿ ಕ್ಲೋರೈಡ್ ಇರುವುದರಿಂದ ಹೊಗೆಸೊಪ್ಪಿಗೆ ಹಾಕುವುದಿಲ್ಲ, ಸಲ್ಫೇಟ್ ಆಫ್ ಪೊಟ್ಯಾಷನ್ನೇ ಕೇಳಿ ತರಬೇಕು. ಉಪ್ಪಿನಂಶವಿರುವ ಬೋರ್‌ವೆಲ್ ನೀರೂ ಇದೇ ಕಾರಣಕ್ಕೆ ಆಗದು.

ಉತ್ತರ: ಸಸ್ಯರೋಗ ವಿಭಾಗದಿಂದ ನಿವೃತ್ತೆ, ಮೈಸೂರು

ಬೆಳೆಗಾರರು ಹೇಳಿದ ಮಾತುಗಳಿಗೆ ನನ್ನ ಒಪ್ಪಿಗೆ ಇದೆ. ನೆರಳು ಎಲೆಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪ್ರಶ್ನೆ ಕೇಳಿದ ಹಿರಿಯರ ಉದ್ದೇಶಕ್ಕೂ ಅವರು ಆರಿಸಿಕೊಂಡಿರುವ ವಿಧಾನಕ್ಕೂ ಹೊಂದಿಕೆಯಾಗುತ್ತಿಲ್ಲ, ಅದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಬಟ್ಟೆಯ ಕೆಳಗೆ ಹೊಗೆಸೊಪ್ಪು ಬೆಳೆಯುವ ಪದ್ಧತಿ ಹುಟ್ಟಿದ್ದು ಸಿಗಾರಿನ ಹೊರಹೊದಿಕೆಯ ಎಲೆಗಾಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸುಮಾತ್ರಾದಿಂದ ಬರುತ್ತಿದ್ದ ತೆಳ್ಳನೆಯ, ನಯವಾದ ಎಲೆಗಳು ಅಮೆರಿಕದ ಬೆಳೆಗಾರರ ಮಾರುಕಟ್ಟೆಯನ್ನು ಕಸಿದುಕೊಂಡವು. ಸುಮಾತ್ರಾದ ಮೋಡ ಮತ್ತು ತೇವದ ಹವೆಯನ್ನು ತಮ್ಮ ಹೊಲದಲ್ಲಿಯೇ ಸೃಷ್ಟಿಸಬೇಕೆಂದು ಕನೆಕ್ಟಿಕಟ್ ರಾಜ್ಯದ ವಿಂಡ್ಸರ್ ಬಳಿ 1900ರಲ್ಲಿ ತೆಳು ಹತ್ತಿಬಟ್ಟೆಯ ಚಪ್ಪರ ಹಾಕಿ ಪ್ರಯೋಗ ಮಾಡಿದರು. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿಯೂ ಹೀಗೆ ಮುಚ್ಚಿ ಬೆಳೆಯುವ ಹೊಲಗಳಿವೆ. ಬಟ್ಟೆಯ ಕೆಳಗೆ ಬಿಸಿಲಿನ ಚುರುಕು ತಗ್ಗುತ್ತದೆ, ಗಾಳಿಯ ಹೊಡೆತ ಇರುವುದಿಲ್ಲ, ತೇವ ಹೆಚ್ಚುತ್ತದೆ. ಇದರಿಂದ ಎಲೆ ಅಗಲವಾಗುತ್ತದೆ, ತೆಳುವಾಗುತ್ತದೆ, ನರಗಳು ಉಬ್ಬದೆ ನವಿರಾಗಿರುತ್ತವೆ, ಸುತ್ತುವಾಗ ಹರಿಯದೆ ಬಾಗುತ್ತದೆ. ಗಮನಿಸಬೇಕಾದ ಅಂಶವೆಂದರೆ ಆ ಬಟ್ಟೆ ಕೊಡುವುದು ಸೋಸಿದ ಬೆಳಕನ್ನೇ ಹೊರತು ದಟ್ಟ ನೆರಳನ್ನಲ್ಲ. ಹಸಿರು ನೆಟ್ಟಿಗೂ ಬಿಳಿಯ ತೆಳು ಬಟ್ಟೆಗೂ ಬೆಳಕಿನಲ್ಲಿ ಬಹಳ ವ್ಯತ್ಯಾಸವಿದೆ. ನೆರಳಿನ ಗಿಡ ಬಿಸಿಲಿನ ಗಿಡಕ್ಕಿಂತ ಎತ್ತರಕ್ಕೆ ಹೋಗುತ್ತದೆ. ಆದ್ದರಿಂದ ಅಲ್ಲಿ ಮೇಲಿನ ತಂತಿಯಿಂದ ದಾರ ಇಳಿಬಿಟ್ಟು ಪ್ರತಿ ಗಿಡದ ಕಾಂಡಕ್ಕೂ ಸುತ್ತುತ್ತಾರೆ. ನಿಮ್ಮ 7 ಅಡಿಯ ಚಪ್ಪರಕ್ಕೆ ಗಿಡದ ತಲೆ ತಾಗುವ ಸಾಧ್ಯತೆಯೇ ಹೆಚ್ಚು.

ಈಗ ನಿಮ್ಮ ಉದ್ದೇಶಕ್ಕೆ ಬರೋಣ. ನಿಮಗೆ ಬೇಕಾದುದು ಕಷಾಯ, ಕಷಾಯದಲ್ಲಿ ಕೆಲಸ ಮಾಡುವುದು ನಿಕೋಟಿನ್. ನೆರಳಿನಲ್ಲಿ ಬೆಳೆದ ತೆಳ್ಳನೆಯ ಎಲೆಯಲ್ಲಿ ಅದರ ಪ್ರಮಾಣ ಬಿಸಿಲಿನ ದಪ್ಪ ಎಲೆಯಲ್ಲಿರುವುದಕ್ಕಿಂತ ಕಡಿಮೆ. ನಿಕೋಟಿನ್ ತಯಾರಾಗುವುದು ಬೇರಿನಲ್ಲಿ, ಅಲ್ಲಿಂದ ಅದು ಎಲೆಗೆ ಏರುತ್ತದೆ. ಹೂವಿನ ಕುಡಿ ಮುರಿದಾಗ ಬೇರು ಇನ್ನಷ್ಟು ತಯಾರಿಸುತ್ತದೆ, ಬುಡದ ಎಲೆಗಳಿಗಿಂತ ಮೇಲಿನ ಎಲೆಗಳಲ್ಲಿ ಹೆಚ್ಚು ಸೇರುತ್ತದೆ. ಹಾಗಾಗಿ ಕಷಾಯಕ್ಕೆ ಬೇಕಾದ ಗಿಡ ಬಯಲಿನಲ್ಲಿ ಬಿಸಿಲು ತಿಂದು, ಕುಡಿ ಮುರಿಸಿಕೊಂಡು ನಿಂತಿರಬೇಕು. ನೆರಳಿನ ಎಲೆ ನೋಡಲು ಸುಂದರ, ಕಷಾಯಕ್ಕೆ ಸಪ್ಪೆ. ಎಲೆ ಯಾವುದಕ್ಕೆ ಎಂಬುದನ್ನು ತೀರ್ಮಾನಿಸದೆ ನೆಟ್ಟಿನ ಶೇಕಡಾವಾರು ಕೇಳುವುದರಲ್ಲಿ ಪ್ರಯೋಜನವಿಲ್ಲ.

ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮ ಟೊಮೆಟೊ, ಮೆಣಸಿನ ಗಿಡಗಳ ವಿಷಯ. ನಂಜಾಣು (ವೈರಸ್) ಎಂಬುದೊಂದಿದೆ ಎಂದು ವಿಜ್ಞಾನಕ್ಕೆ ತಿಳಿದದ್ದೇ ಹೊಗೆಸೊಪ್ಪಿನ ಎಲೆಯಿಂದ. 1892ರಲ್ಲಿ ರಷ್ಯದ ಇವನೊವ್‌ಸ್ಕಿ ರೋಗ ತಗಲಿದ ಎಲೆಯ ರಸವನ್ನು ಬ್ಯಾಕ್ಟೀರಿಯಾವನ್ನೂ ಹಿಡಿದಿಡುವ ಸೋಸುಕದಲ್ಲಿ ಸೋಸಿದರು, ಸೋಸಿದ ಮೇಲೂ ಆ ರಸ ರೋಗ ಹರಡಿತು. 1898ರಲ್ಲಿ ಬೈಜೆರಿಂಕ್ ಅದೇ ಫಲಿತಾಂಶ ಪಡೆದು, ಇದು ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ಬಗೆಯ ರೋಗಕಾರಕ ಎಂದರು. ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರಿನ ಮಚ್ಚೆ ಮೂಡಿಸುವ ಆ ಮೊಸಾಯಿಕ್ ನಂಜುರೋಗ ಟೊಮೆಟೊ, ಮೆಣಸಿನಕಾಯಿ, ದೊಣ್ಣೆಮೆಣಸು, ಬದನೆ ಇವುಗಳಿಗೂ ಬರುತ್ತದೆ. ಹರಡುವುದಕ್ಕೆ ಕೀಟವೇ ಬೇಕೆಂದಿಲ್ಲ, ರೋಗದ ಗಿಡ ಮುಟ್ಟಿದ ಕೈ, ಚಾಕು, ಬಟ್ಟೆ ಸಾಕು. ಒಣಗಿದ ಎಲೆಯಲ್ಲಿ ಅದು ವರ್ಷಗಟ್ಟಲೆ ಸಾಯದೆ ಉಳಿಯುತ್ತದೆ. ಬೀಡಿ ಸೇದಿದ ಕೈಯಲ್ಲಿ ಟೊಮೆಟೊ ಸಸಿ ಮುಟ್ಟಬಾರದೆಂದು ನರ್ಸರಿಗಳಲ್ಲಿ ಹೇಳುವುದು ಇದೇ ಕಾರಣಕ್ಕೆ.

ಅಂಗಡಿಯಿಂದ ತಂದ ಹೊಗೆಸೊಪ್ಪಿನ ಪುಡಿಯನ್ನು ತಣ್ಣೀರಿನಲ್ಲಿ ನೆನೆಸಿ ಟೊಮೆಟೊಗೆ ಸಿಂಪಡಿಸುವವರು ಹೇನಿನ ಜೊತೆಗೆ ಹೋರಾಡುತ್ತ ನಂಜನ್ನು ತಾವೇ ಗಿಡಕ್ಕೆ ಉಣಿಸುವ ಅಪಾಯವಿದೆ. 90 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಹತ್ತು ನಿಮಿಷ ಇದ್ದರೆ ಈ ನಂಜಾಣು ನಿಷ್ಕ್ರಿಯವಾಗುತ್ತದೆ, ಆದ್ದರಿಂದ ಕಷಾಯವನ್ನು ಚೆನ್ನಾಗಿ ಕುದಿಸಲೇಬೇಕು. ಸಹಜ ಕೃಷಿಕರು ಹೊಗೆಸೊಪ್ಪು, ಹಸಿಮೆಣಸು, ಬೆಳ್ಳುಳ್ಳಿ, ಬೇವಿನ ಎಲೆಗಳನ್ನು ಗೋಮೂತ್ರದಲ್ಲಿ ಹಾಕಿ ಅಗ್ನಿಅಸ್ತ್ರವನ್ನು ಮಾಡುವಾಗ ಕುದಿಸಿಯೇ ಇಳಿಸುತ್ತಾರೆ. ಕುದಿಸುವುದು ಬಯಲಿನಲ್ಲಿ, ಆವಿ ಮುಖಕ್ಕೆ ಬಡಿಯದಂತೆ, ಅಡುಗೆಗೆ ಮತ್ತೆಂದೂ ಬಳಸದ ಪಾತ್ರೆಯಲ್ಲಿ ಇರಲಿ.

ಮನೆಯಲ್ಲಿ ಮಾಡಿದ್ದೆಂಬ ಮಾತ್ರಕ್ಕೆ ಕಷಾಯವನ್ನು ಸೌಮ್ಯವೆಂದು ತಿಳಿಯಬೇಡಿ. ನಿಕೋಟಿನ್ ಮನುಷ್ಯನಿಗೂ ನಾಯಿಬೆಕ್ಕುಗಳಿಗೂ ಜೇನ್ನೊಣಕ್ಕೂ ವಿಷ. ನಿಕೋಟಿನ್ ಸಲ್ಫೇಟ್ ಎಂಬ ಕೀಟನಾಶಕದ ಬಳಕೆಯನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ವೀಳ್ಯದೆಲೆಗೆ ಅದನ್ನು ಸಿಂಪಡಿಸಲೇಬೇಡಿ, ಆ ಎಲೆಯನ್ನು ನಾವು ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತೇವೆ. ಸೊಪ್ಪು ತರಕಾರಿಗೂ ಬೇಡ. ದಾಸವಾಳದ ಹಿಟ್ಟುತಿಗಣೆಗೆ ನೀರಿನ ರಭಸ, ಹಳೆಯ ಬ್ರಷ್ಷು ಮತ್ತು ಬೇವಿನ ಎಣ್ಣೆಗೆ ಸೋಪು ಕಲಸಿದ ನೀರು ಇವುಗಳನ್ನು ಮೊದಲು ಪ್ರಯತ್ನಿಸಿ ನೋಡಬೇಕೆಂದು ನನ್ನ ಆಗ್ರಹ.

ವೀಳ್ಯದೆಲೆಗೆ ತೊಂದರೆ ಉಂಟೇ ಎಂದು ಕೇಳಿದ್ದೀರಿ. ಉಂಟು. ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಎರಡಕ್ಕೂ ಬರುತ್ತದೆ, ಮೈಸೂರು ಭಾಗದ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಹೊಗೆಸೊಪ್ಪಿಗೆ ಅದು ದೊಡ್ಡ ಪಿಡುಗು. ವೀಳ್ಯದ ಬಳ್ಳಿಯ ಬುಡ ಕೊಳೆಸುವ ಫೈಟಾಪ್ತರಾ ಗುಂಪಿನದೇ ರೋಗಾಣು ಹೊಗೆಸೊಪ್ಪಿನ ಕಾಂಡವನ್ನೂ ಕಪ್ಪಾಗಿಸಿ ಒಣಗಿಸುತ್ತದೆ. ನೆಟ್ಟಿನ ಕೆಳಗೆ ಮಣ್ಣು ಸದಾ ತೇವವಾಗಿರುವುದರಿಂದ ಇವೆರಡಕ್ಕೂ ಅನುಕೂಲ. ಚೆನ್ನಾಗಿ ಹಬ್ಬಿರುವ ಬಳ್ಳಿಯ ಪಕ್ಕದಲ್ಲಿ ಇದನ್ನು ತಂದು ನಿಲ್ಲಿಸಬೇಡಿ.

ಉತ್ತರ: ಮಂಡ್ಯದ ಹಿತ್ತಲಿನಿಂದ

ನಾನು ಇದನ್ನು ಒಂದು ವರ್ಷ ಮಾಡಿ ನೋಡಿದವಳು. ಮಂಡ್ಯದಲ್ಲಿ ನಮ್ಮ ಮನೆಯ ಪಕ್ಕದ ಜಾಗದಲ್ಲಿ ಶೇಕಡಾ 50ರ ನೆಟ್ಟಿನ ಕೆಳಗೆ ನಾಟಿ ಜಾತಿಯ ಎಂಟು ಗಿಡಗಳನ್ನೂ, ಹೊರಗೆ ಬಿಸಿಲಿನಲ್ಲಿ ಎರಡು ಗಿಡಗಳನ್ನೂ ಬೆಳೆಸಿದ್ದೆ. ನಮ್ಮ ಮಾವನವರು ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದರು, ಅವರಿಗಾಗಿ ನೆಟ್ಟದ್ದು. ಬಾಯಿಯ ಹುಣ್ಣು ಮಾಯದೆ ವೈದ್ಯರ ಬಳಿಗೆ ಹೋದ ಮೇಲೆ ಅವರು ಅದನ್ನು ಬಿಟ್ಟರು, ನಾವೂ ಬೆಳೆಯುವುದನ್ನು ಬಿಟ್ಟೆವು.

ನೆಟ್ಟಿನ ಕೆಳಗಿನ ಎಲೆ ನಿಜವಾಗಿಯೂ ದೊಡ್ಡದು. ಬುಡದಿಂದ ಐದನೆಯ ಎಲೆಯನ್ನು ಅಳೆದಾಗ ನೆರಳಿನದು 24 ಅಂಗುಲ ಉದ್ದವಿತ್ತು, ಬಿಸಿಲಿನದು 19 ಅಂಗುಲ. ನೆರಳಿನ ಎಲೆಯನ್ನು ಕಿಟಕಿಗೆ ಹಿಡಿದರೆ ಆಚೆಯ ಸರಳುಗಳ ನೆರಳು ಅದರ ಮೂಲಕ ಕಾಣುತ್ತಿತ್ತು, ಬಿಸಿಲಿನ ಎಲೆ ಚರ್ಮದಂತೆ ಮಂದವಾಗಿ ಅಂಟಂಟಾಗಿತ್ತು. ಆದರೆ ನೆರಳಿನ ಗಿಡಗಳ ಕಾಂಡಕ್ಕೆ ಬಲವಿರಲಿಲ್ಲ. ಆಷಾಢದ ಗಾಳಿಗೆ ಮೂರು ಗಿಡಗಳು ವಾಲಿದವು, ಗೂಟ ಕೊಟ್ಟು ಕಟ್ಟಬೇಕಾಯಿತು.

ನೆಟ್ ಇರುವುದರಿಂದ ಕೀಟ ಬರುವುದಿಲ್ಲ ಎಂದು ನಾನು ತಿಳಿದಿದ್ದುದು ತಪ್ಪು. ಶೇಡ್ ನೆಟ್ಟಿನ ಕಣ್ಣುಗಳಲ್ಲಿ ಬಿಳಿನೊಣ ಸಲೀಸಾಗಿ ನುಗ್ಗುತ್ತದೆ, ಅದನ್ನು ತಡೆಯುವ ಕೀಟನಿರೋಧಕ ಬಲೆಯೇ ಬೇರೆ. ಗಾಳಿ ಆಡದ ಆ ತೇವದಲ್ಲಿ ಬಿಳಿನೊಣ ಹೊರಗಿಗಿಂತ ಒಳಗೇ ಹೆಚ್ಚಾಯಿತು, ಎರಡು ಗಿಡಗಳ ಎಲೆ ಮುದುಡಿತು, ಹದಿನೈದು ದಿನದೊಳಗೆ ಪಕ್ಕದ ಟೊಮೆಟೊ ಗಿಡಗಳ ಎಲೆಯೂ ಮುದುಡಿತು. ಹಾಗೆಯೇ ಒಂದು ಬೆಳಿಗ್ಗೆ ದೊಡ್ಡ ಎಲೆಯೊಂದು ಜರಡಿಯಂತಾಗಿತ್ತು. ತಿರುಗಿಸಿ ನೋಡಿದರೆ ಅಡಿಯಲ್ಲಿ ಕಂದು ರೋಮ ಮುಚ್ಚಿದ ಮೊಟ್ಟೆಯ ತೇಪೆ, ಅದರ ಸುತ್ತ ಸಾಸಿವೆಗಿಂತ ಸಣ್ಣ ಹುಳುಗಳು ಹಸಿರನ್ನಷ್ಟೇ ಕೆರೆದು ತಿಂದು ನರಗಳನ್ನು ಉಳಿಸಿದ್ದವು. ಆ ಹಂತದಲ್ಲಿ ಎಲೆಯನ್ನು ಕಿತ್ತು ಸೋಪಿನ ನೀರಿಗೆ ಹಾಕಿದರೆ ಮುಗಿಯುತ್ತದೆ. ಎರಡು ದಿನ ಬಿಟ್ಟರೆ ಹುಳುಗಳು ಚದುರಿ ಹೋಗುತ್ತವೆ, ಆಮೇಲೆ ರಾತ್ರಿ ಬ್ಯಾಟರಿ ಹಿಡಿದು ಹುಡುಕಬೇಕು.

ಒಣಗಿಸುವುದರಲ್ಲಿ ನಾನು ಸೋತೆ. ಬ್ಯಾರನ್ನಿನಲ್ಲಿ ಐದಾರು ದಿನದಲ್ಲಿ ಆಗುವ ಕೆಲಸಕ್ಕೆ ಮನೆಯ ಗಾಳಿಯಲ್ಲಿ ಆರರಿಂದ ಎಂಟು ವಾರ ಬೇಕು. ಎಲೆಗಳನ್ನು ತೊಟ್ಟಿನ ಬಳಿ ದಾರಕ್ಕೆ ಪೋಣಿಸಿ ಮಹಡಿ ಮೆಟ್ಟಿಲ ಕೆಳಗೆ ತೂಗುಹಾಕಿದ್ದೆ. ಎಲೆಗಳು ಒಂದಕ್ಕೊಂದು ಅಂಟಿಕೊಂಡಿದ್ದ ಕಡೆಯಲ್ಲೆಲ್ಲ ಹತ್ತನೆಯ ದಿನಕ್ಕೆ ಬೂಷ್ಟು ಬಂತು. ಮೊದಲ ಕೊಯ್ಲನ್ನು ಪೂರ್ತಿಯಾಗಿ ಗುಂಡಿಗೆ ಹಾಕಿದೆ. ಎರಡನೆಯ ಸಲ ಎಲೆಗೂ ಎಲೆಗೂ ನಾಲ್ಕು ಬೆರಳು ಅಂತರ ಕೊಟ್ಟು, ಕಿಟಕಿ ತೆರೆದ ಉಗ್ರಾಣದಲ್ಲಿ ತೂಗುಹಾಕಿದಾಗ ಹಳದಿಯಾಗಿ, ಆಮೇಲೆ ಕಂದಾಗಿ ಸರಿಯಾಗಿ ಒಣಗಿತು. ನಡುನರ ಪಟ್ಟೆಂದು ಮುರಿಯುವವರೆಗೂ ಅದು ಒಣಗಿದಂತಲ್ಲ, ಎಲೆ ಒಣಗಿ ಗರಿಗರಿಯಾಗಿದ್ದರೂ ನಡುನರದ ತೇವ ಮತ್ತೆ ಬೂಷ್ಟು ತರುತ್ತದೆ.

ಕೊನೆಯದಾಗಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಜಿನುಗು ಮಳೆ ನಿಂತ ಒಂದು ಬೆಳಿಗ್ಗೆ ನಾನು ಒದ್ದೆ ಎಲೆಗಳನ್ನು ಮುರಿದು, ಬರಿಗೈಯ ಮೇಲೆ ಮಗುವನ್ನು ಎತ್ತಿಕೊಂಡಂತೆ ಒಟ್ಟಿಕೊಂಡು ಬಂದೆ. ಎರಡು ಗಂಟೆಯೊಳಗೆ ತಲೆ ತಿರುಗಿ, ಬಾಯಲ್ಲಿ ನೀರೂರಿ, ವಾಂತಿಯಾಯಿತು, ಸಂಜೆಯವರೆಗೆ ಏಳಲಾಗಲಿಲ್ಲ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರುತ್ತದೆಂದು ಅಂದು ವೈದ್ಯರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಮಂಜು ಆರಿದ ಮೇಲೆ, ತುಂಬುತೋಳಿನ ಅಂಗಿ ಮತ್ತು ರಬ್ಬರ್ ಕೈಗವಸು ಹಾಕಿಕೊಂಡು ಎಲೆ ಮುರಿಯಿರಿ, ಮುಗಿದ ಕೂಡಲೇ ಸೋಪು ಹಚ್ಚಿ ತೊಳೆಯಿರಿ. ನೀವು ಬಾಲ್ಯದಲ್ಲಿ ಎಲೆ ಎತ್ತಿಕೊಡುತ್ತಿದ್ದಂತೆ ಮೊಮ್ಮಕ್ಕಳಿಂದ ಮಾತ್ರ ಈ ಕೆಲಸ ಮಾಡಿಸಬೇಡಿ.

ಕುವೆಂಪುನಗರದ ಹಿತ್ತಲು, ಮೈಸೂರು

ಮೂವರಿಗೂ ನನ್ನ ಕೃತಜ್ಞತೆಗಳು. ಬ್ಯಾರನ್ನಿಗೆ ಎಲೆ ಕಟ್ಟುವ ದಿನಗಳಲ್ಲಿ ಅವ್ವ ಮಧ್ಯಾಹ್ನದ ಊಟ ಬೇಡವೆಂದು ಮಲಗಿಬಿಡುತ್ತಿದ್ದುದು ನೆನಪಾಯಿತು. ದಣಿವೆಂದು ನಾವೆಲ್ಲ ಅಂದುಕೊಂಡಿದ್ದೆವು. ಮಂಡ್ಯದ ಸಹೋದರಿಯವರು ಬರೆದದ್ದನ್ನು ಓದಿದ ಮೇಲೆ ಅದು ಬರಿಯ ದಣಿವಾಗಿರಲಿಲ್ಲವೇನೋ ಎಂದು ಮನಸ್ಸಿಗೆ ನೋವಾಗುತ್ತಿದೆ.

ನಾನು ಈಗ ಯೋಚಿಸಿರುವುದು ಹೀಗೆ. ಹನ್ನೆರಡು ಗಿಡದ ಮಾತು ಬಿಟ್ಟಿದ್ದೇನೆ, ನಾಲ್ಕು ಸಾಕು. ಅವನ್ನು ವೀಳ್ಯದೆಲೆಯ ಚಪ್ಪರದ ಕೆಳಗಾಗಲಿ ತರಕಾರಿಯ ಪಟ್ಟೆಯಲ್ಲಾಗಲಿ ಇಡದೆ, ಮನೆಯ ಮುಂದೆ ಗೇಟಿನ ಬದಿಯ ಬಿಸಿಲಿನಲ್ಲಿ ದೊಡ್ಡ ಗ್ರೋ ಬ್ಯಾಗುಗಳಿಗೆ ಹೊಸ ಮಣ್ಣು ತುಂಬಿ ನೆಡುತ್ತೇನೆ. ದಾಸವಾಳಕ್ಕೆ ಬೇವಿನ ಎಣ್ಣೆಯನ್ನೇ ಬಳಸಿ ನೋಡುತ್ತೇನೆ, ಕಷಾಯದ ಯೋಚನೆ ಸದ್ಯಕ್ಕೆ ಬೇಡ. ಆದರೆ ಬಟ್ಟೆಯ ಕೆಳಗಿನ ಎಲೆಯನ್ನು ನೋಡುವ ಆಸೆ ಮಾತ್ರ ಹೋಗಿಲ್ಲ. ನಾಲ್ಕರಲ್ಲಿ ಎರಡು ಗಿಡಗಳ ಮೇಲೆ ನಾಲ್ಕು ಬಿದಿರು ಗಳುಗಳನ್ನು ನಿಲ್ಲಿಸಿ, ಬೀರುವಿನಲ್ಲಿರುವ ತಂದೆಯವರ ಹಳೆಯ ಮಲ್ಲು ಪಂಚೆಯನ್ನು ಕಟ್ಟಿದರೆ ಆ ಹತ್ತಿಬಟ್ಟೆಯ ಚಪ್ಪರಕ್ಕೆ ಸಮೀಪವಾಗಬಹುದೇ? ಗಳುಗಳನ್ನು ಎಷ್ಟು ಎತ್ತರಕ್ಕೆ ನಿಲ್ಲಿಸಲಿ? ಎಲ್ಲಿಯಾದರೂ ನಾಟಿ ಬೀಜ ಸಿಗುವುದಾದರೆ ಅದನ್ನೂ ತಿಳಿಸಿ.

ಹುಣಸೂರು ಕಡೆಯ ಬೆಳೆಗಾರ

ಸರ್, ಮಲ್ಲು ಪಂಚೆ ಚೆನ್ನಾಗಿಯೇ ಆಗುತ್ತದೆ. ಗಳು 9 ಅಡಿಗೆ ಕಡಿಮೆ ಬೇಡ, ಗಿಡದಿಂದ ಗಿಡಕ್ಕೆ 3 ಅಡಿ ಇರಲಿ. ಬಟ್ಟೆಯನ್ನು ಸಮತಟ್ಟಾಗಿ ಕಟ್ಟಿದರೆ ಮಳೆನೀರು ನಡುವೆ ನಿಂತು ಜೋತು ಬಿದ್ದು ಗಿಡದ ಮೇಲೆಯೇ ಕೂರುತ್ತದೆ. ಒಂದು ಬದಿಯ ಗಳುಗಳನ್ನು ಒಂದಡಿ ಎತ್ತರಿಸಿ ಇಳಿಜಾರು ಕೊಡಿ, ನಾಲ್ಕು ಮೂಲೆಗೂ ಎಳೆದರೆ ಬಿಚ್ಚುವ ಗಂಟು ಹಾಕಿ. ಮೋಡ ಮುಚ್ಚಿದ ವಾರದಲ್ಲಿ ಬಟ್ಟೆ ತೆಗೆದಿಟ್ಟು, ಬಿಸಿಲು ಬಿದ್ದಾಗ ಕಟ್ಟಿದರೆ ಸಾಕು. ಬಟ್ಟೆಯ ಕೆಳಗಿನ ಎರಡು ಗಿಡಗಳ ಕುಡಿ ಮುರಿಯುವ ಅವಸರ ಬೇಡ, ಬಿಸಿಲಿನ ಎರಡರಲ್ಲಿ ಹೂ ಮೊಗ್ಗು ಕಂಡ ಕೂಡಲೇ ಮುರಿದು, ಆಮೇಲೆ ಕಂಕುಳಲ್ಲಿ ಒಡೆಯುವ ಚಿಗುರುಗಳನ್ನು ವಾರಕ್ಕೊಮ್ಮೆ ಚಿವುಟಿ. ಹಾಗೆ ಮಾಡಿದರೆ ಎರಡು ಬಗೆಯ ಎಲೆಗಳ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ನನ್ನ ಮಡಿಯಲ್ಲಿರುವುದೆಲ್ಲ ವರ್ಜೀನಿಯಾ ಆದ್ದರಿಂದ ಕೊಡುವಂತಿಲ್ಲ. ನಮ್ಮೂರಿನ ಹಿರಿಯರೊಬ್ಬರು ಹಿತ್ತಲಲ್ಲಿ ವರ್ಷವೂ ಒಂದೆರಡು ನಾಟಿ ಗಿಡಗಳನ್ನು ಬೀಜಕ್ಕೆಂದು ಬಿಡುತ್ತಾರೆ, ಒಂದು ಕಾಯಿ ಕೇಳಿ ಇಡುತ್ತೇನೆ. ಒಂದು ಕಾಯಿಯ ಬೀಜ ನಿಮ್ಮ ನಾಲ್ಕು ಗಿಡಕ್ಕಲ್ಲ, ಇಡೀ ಬೀದಿಗೇ ಸಾಕಾಗುವಷ್ಟಿರುತ್ತದೆ. ಚಿಟಿಕೆಯ ಕಾಲುಭಾಗವನ್ನಷ್ಟೇ ಟ್ರೇಗೆ ಹಾಕಿ, ಉಳಿದದ್ದನ್ನು ಕಾಗದದಲ್ಲಿ ಮಡಚಿ ಒಣ ಡಬ್ಬಿಯಲ್ಲಿಡಿ. ಸಸಿಗೆ ನಾಲ್ಕು ಎಲೆ ಬರುವವರೆಗೆ ನಿಮ್ಮ ಹಸಿರು ನೆಟ್ಟಿನ ಕೆಳಗೆ, ವೀಳ್ಯದ ಬಳ್ಳಿಗಳಿಂದ ದೂರದ ಮೂಲೆಯಲ್ಲಿ, ಮಣ್ಣಿಗೆ ತಾಗದಂತೆ ಎರಡು ಇಟ್ಟಿಗೆಗಳ ಮೇಲೆ ಟ್ರೇ ಇಡಬಹುದು.